ಬಿಸಿಲಿನ ಜೀವಸತ್ವ: ನಾನು ತಪ್ಪಾಗಿ ಕಲಿಸಿದ ಒಂದು ಪಾಠ



ಈ ಸಲದ ಬರಹ ಸ್ವಲ್ಪ ದೀರ್ಘವಾಗಿದೆ. ಹಿಂದಿನ ಬೆಂಚಿನವರು ನಡುವೆ ಎದ್ದು ಹೋಗದಿರಲಿ ಎಂದು ಮೊದಲೇ ವಿನಂತಿಸಿಕೊಳ್ಳುತ್ತೇನೆ. ನಿಮ್ಮಲ್ಲಿ ಅನೇಕರಿಗೆ ನಾನು ಸಲ್ಲಿಸಬೇಕಾದ ತಿದ್ದುಪಡಿಯೊಂದು ಇದರಲ್ಲಿದೆ.

ಮೂವತ್ತಕ್ಕೂ ಹೆಚ್ಚು ವರ್ಷ ನಾನು ವಿಜ್ಞಾನ ಕಲಿಸಿದೆ. ಜೀವಸತ್ವಗಳ ಪಾಠ ಬಂದಾಗ ಕರಿಹಲಗೆಯ ಮೇಲೆ ಒಂದು ಕೋಷ್ಟಕ ಬರೆಯುತ್ತಿದ್ದೆ: ಎ ಇಲ್ಲದಿದ್ದರೆ ಇರುಳುಗುರುಡು, ಬಿ ಇಲ್ಲದಿದ್ದರೆ ಬೆರಿಬೆರಿ, ಸಿ ಇಲ್ಲದಿದ್ದರೆ ಸ್ಕರ್ವಿ, ಡಿ ಇಲ್ಲದಿದ್ದರೆ ರಿಕೆಟ್ಸ್. ಡಿ ಬಳಿ ಬಂದಾಗ ಕಿಟಕಿಯ ಹೊರಗೆ ಕೈ ತೋರಿಸಿ, "ನೋಡ್ರಿ, ನಮ್ಮ ಹುಬ್ಬಳ್ಳಿ ಬಿಸಿಲಿಗೆ ಏನು ಕಡಿಮಿ? ಇದು ಲಂಡನ್ನಿನವರ ಚಿಂತಿ" ಎನ್ನುತ್ತಿದ್ದೆ. ನೀವು ನಗುತ್ತಿದ್ದಿರಿ. ಅದು ನನ್ನ ಮೊದಲನೆಯ ತಪ್ಪು.

ಎರಡನೆಯ ತಪ್ಪು ನಿವೃತ್ತಿಯ ನಂತರದ್ದು. 2020ರ ಕೊರೋನಾ ಕಾಲದಲ್ಲಿ ಕೇಶ್ವಾಪುರದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ, ಸ್ಪೇನಿನಲ್ಲಿ ವಿಟಮಿನ್ ಡಿ ಕೊಟ್ಟ ರೋಗಿಗಳು ತೀವ್ರ ನಿಗಾ ಘಟಕಕ್ಕೆ ಹೋಗುವುದೇ ತಪ್ಪಿತೆಂಬ ಸಂದೇಶ ನನ್ನ ಮೊಬೈಲಿಗೆ ಬಂತು. ಅದನ್ನು ನಾನು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ದಾಟಿಸಿದೆ. ಕೆಳಗೆ, "60 ಸಾವಿರ ಯೂನಿಟ್ಟಿನ ಪೊಟ್ಟಣ ಎಲ್ಲ ಅಂಗಡಿಗಳಲ್ಲಿ ದೊರೆಯುತ್ತದೆ, ಹಾಲಿನಲ್ಲಿ ಕಲಸಿ ಕುಡಿಯಿರಿ" ಎಂದು ನನ್ನದೂ ಒಂದು ಸಾಲು ಸೇರಿಸಿದೆ. ವಾರಕ್ಕೊಂದು ಎಂಬ ಮಾತು ಬರೆಯಲಿಲ್ಲ. ವೈದ್ಯರನ್ನು ಕೇಳಿ ಎಂದೂ ಬರೆಯಲಿಲ್ಲ. ನನ್ನ ವಿದ್ಯಾರ್ಥಿಯೊಬ್ಬನ ತಾಯಿ, ಮಾಸ್ತರರು ಹೇಳಿದ್ದಾರೆಂದು, ದಿನಕ್ಕೊಂದರಂತೆ ನಾಲ್ಕು ತಿಂಗಳು ಕುಡಿದರು. ಅದರ ಪರಿಣಾಮವನ್ನು ಮುಂದೆ ಹೇಳುತ್ತೇನೆ.

ಇಷ್ಟಾದರೂ ನಾನು ಈ ವಿಷಯವನ್ನು ಕುಳಿತು ಓದಿರಲಿಲ್ಲ. ಓದುವಂತೆ ಮಾಡಿದವಳು ನನ್ನ ತಂಗಿಯ ಮಗಳು. ಕಳೆದ ವರ್ಷ ಮಳೆಗಾಲದಲ್ಲಿ ಅವಳಿಗೆ ಸ್ತನದ ಕ್ಯಾನ್ಸರ್ ಎಂದು ಗೊತ್ತಾಯಿತು. ಚಿಕಿತ್ಸೆಯ ದಿನ ನಿಗದಿಯಾದ ಮೇಲೆ ಒಂದು ರಾತ್ರಿ ಫೋನು ಮಾಡಿದಳು. "ಮಾಮಾ, ನೀವು ಸೈನ್ಸ್ ಮಾಸ್ತರು, ಖರೇ ಹೇಳ್ರಿ. ವಿಟಮಿನ್ ಡಿ ಜೋರ್ ಡೋಸ್ ತೊಗೊಂಡ್ರ ಗಂಟು ತಾನ ಕರಗತದ ಅಂತ ಒಬ್ರು ವಿಡಿಯೋದಾಗ ಹೇಳ್ಯಾರ. ಕೀಮೋ ಒಂದೆರಡು ತಿಂಗಳು ಮುಂದ ಹಾಕಲೇನು?"

ನನಗೆ ಬಾಯಿಗೆ ಬಂದದ್ದನ್ನು ಹೇಳುವ ಧೈರ್ಯ ಉಳಿದಿರಲಿಲ್ಲ. "ಎರಡು ದಿನ ಕೊಡವ್ವಾ, ಓದಿ ಹೇಳ್ತೇನಿ. ಆದ್ರ ಆಸ್ಪತ್ರಿ ತಾರೀಖು ಮಾತ್ರ ಬಿಡಬ್ಯಾಡ" ಎಂದೆ. ಎರಡು ದಿನ ಎಂದದ್ದು ಎರಡು ತಿಂಗಳ ಓದಾಯಿತು. ಆ ಓದಿನ ಫಲ ಈ ಬರಹ.

ಚರಿತ್ರೆಯಿಂದಲೇ ಆರಂಭಿಸೋಣ. ರಿಕೆಟ್ಸ್ ಎಂದರೆ ಬೆಳೆಯುವ ಮಕ್ಕಳ ಎಲುಬು ಗಟ್ಟಿಯಾಗದೆ ಮೈಭಾರಕ್ಕೆ ಕಾಲು ಬಿಲ್ಲಿನಂತೆ ಬಾಗುವ ರೋಗ. ಯುರೋಪಿನಲ್ಲಿ ಕಾರ್ಖಾನೆಗಳು ಎದ್ದು ಊರುಗಳ ಆಕಾಶವನ್ನು ಹೊಗೆ ಮುಚ್ಚಿದ ಮೇಲೆ ಅದು ಮನೆಮನೆಯ ರೋಗವಾಯಿತು. ಪೋಲಿಷ್ ವೈದ್ಯ ಸ್ನ್ಯಾಡೆಟ್ಸ್ಕಿ 1822ರಲ್ಲೇ, ನಗರದ ಮಕ್ಕಳಿಗೆ ಬರುವ ಈ ರೋಗ ಹಳ್ಳಿಯ ಮಕ್ಕಳಿಗೆ ಬರುವುದಿಲ್ಲ, ಬಿಸಿಲೇ ಇದಕ್ಕೆ ಮದ್ದು ಎಂದು ಬರೆದಿದ್ದ. ಯಾರೂ ಕಿವಿಗೊಡಲಿಲ್ಲ. 1890ರಲ್ಲಿ ಥಿಯೋಬಾಲ್ಡ್ ಪಾಮ್ ಎಂಬ ವೈದ್ಯ ಇದನ್ನು ಮತ್ತೊಮ್ಮೆ ಹೇಳಿದ. ಆತ ಜಪಾನಿನಲ್ಲಿ ಮಿಷನರಿ ವೈದ್ಯನಾಗಿದ್ದವನು. ಭಾರತ, ಚೀನಾ, ಜಪಾನುಗಳ ಬಡಮಕ್ಕಳ ಊಟ ಇಂಗ್ಲೆಂಡಿನ ಮಕ್ಕಳ ಊಟಕ್ಕಿಂತ ಕೀಳಾಗಿದ್ದರೂ ಅವರಿಗೆ ರಿಕೆಟ್ಸ್ ಅಪರೂಪವೆಂಬುದನ್ನು ಗಮನಿಸಿ, ವ್ಯತ್ಯಾಸವಿರುವುದು ಬಿಸಿಲಿನಲ್ಲಿ ಎಂದ.

ನಾನು ತರಗತಿಯಲ್ಲಿ ಹೇಳುತ್ತಿದ್ದದ್ದು ಬಹುಮಟ್ಟಿಗೆ ಪಾಮ್‌ನ ಮಾತು. ಆದರೆ ಅದರ ಇನ್ನೊಂದು ಅರ್ಧ ನಮ್ಮ ನೆಲದಲ್ಲೇ, ನಮ್ಮ ಧಾರವಾಡ ಜಿಲ್ಲೆ ಸೇರಿದ್ದ ಅದೇ ಮುಂಬಯಿ ಪ್ರಾಂತದಲ್ಲೇ ಬರೆಯಲ್ಪಟ್ಟಿತ್ತೆಂಬುದು ನನಗೆ ತಿಳಿದಿರಲಿಲ್ಲ. ನಾಶಿಕದಲ್ಲಿ ಹಚಿಸನ್ ಮತ್ತು ಶಾ ಎಂಬಿಬ್ಬರು ವೈದ್ಯರು ಮನೆಮನೆಯ ಮಕ್ಕಳನ್ನೂ ಹೆಂಗಸರನ್ನೂ ಪರೀಕ್ಷಿಸಿ 1922ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಹೊಲದಲ್ಲಿ ಕೂಲಿ ಮಾಡುವ ತಾಯಂದಿರ ಮಕ್ಕಳು ರೊಟ್ಟಿಯ ಚೂರು ತಿಂದು ಬೆಳೆದರೂ ಅವರ ಕಾಲು ನೆಟ್ಟಗಿದ್ದವು. ಹಾಲು ತುಪ್ಪ ಕಂಡ, ಆದರೆ ಗೋಷಾದೊಳಗಿದ್ದ ಮನೆತನಗಳ ಮಕ್ಕಳಲ್ಲಿ ರಿಕೆಟ್ಸ್ ಇತ್ತು. ಅಲ್ಲಿಯ ಹೆಂಗಸರ ಎಲುಬು ಮೆತ್ತಗಾಗುತ್ತಿದ್ದವು. ಊರಿನ ಮೇಲೆ ಸುರಿಯುವ ಬಿಸಿಲು ಒಂದೇ ಆಗಿದ್ದರೂ ಮೈಮೇಲೆ ಬೀಳುವುದು ಒಂದೇ ಆಗಿರಲಿಲ್ಲ. ನಮ್ಮ ಅಜ್ಜಿಯರಲ್ಲಿ ಎಷ್ಟು ಮಂದಿ ನಡುಬಾಗಿ, ತೊಡೆನೋವು ಎನ್ನುತ್ತ ನಡುಮನೆಯಲ್ಲೇ ಕಾಲ ಕಳೆದರೆಂದು ನೆನಪು ಮಾಡಿಕೊಳ್ಳಿ. ಎಲ್ಲಕ್ಕೂ ಇದೇ ಕಾರಣವೆಂದು ನಾನು ಹೇಳಲಾರೆ. ಆದರೆ ವಯಸ್ಸಾಗಿದೆ ಎಂಬ ಒಂದೇ ಮಾತಿನಲ್ಲಿ ನಾವು ಅದನ್ನು ಮುಗಿಸಿಬಿಟ್ಟೆವು.

ಆ ಸುಮಾರಿಗೇ ಯುರೋಪಿನಲ್ಲಿ ಕಗ್ಗಂಟು ಬಿಚ್ಚತೊಡಗಿತ್ತು. ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳನ್ನು ಒಳಗೆ ಕೂಡಿ, ಓಟ್ಸ್ ಮೊದಲಾದ ಧಾನ್ಯ ತಿನ್ನಿಸಿ ರಿಕೆಟ್ಸ್ ಬರಿಸಿದ. ಕಾಡ್ ಮೀನಿನ ಎಣ್ಣೆ ಕುಡಿಸಿ ಗುಣಪಡಿಸಿದ. 1919ರಲ್ಲಿ ಬರ್ಲಿನ್ನಿನ ಹುಲ್ಡ್‌ಶಿನ್ಸ್ಕಿ ಅದೇ ರೋಗವನ್ನು ಎಣ್ಣೆಯಿಲ್ಲದೆ, ಪಾದರಸದ ದೀಪದ ಅತಿನೇರಳೆ ಬೆಳಕಿನಿಂದ ಗುಣಪಡಿಸಿದ. ಸೋಜಿಗವೆಂದರೆ, ಮಗುವಿನ ಒಂದು ತೋಳಿಗೆ ಬೆಳಕು ಬಿಟ್ಟರೆ ಇನ್ನೊಂದು ತೋಳಿನ ಎಲುಬೂ ಗಟ್ಟಿಯಾಗುತ್ತಿತ್ತು! ಹಾಗಾದರೆ ಚರ್ಮದಲ್ಲಿ ಹುಟ್ಟಿದ ಏನೋ ಒಂದು ರಕ್ತದಲ್ಲಿ ಹರಿದು ಹೋಗುತ್ತಿರಬೇಕು. ಮಹಾಯುದ್ಧದಿಂದ ಜರ್ಜರಿತವಾದ ವಿಯೆನ್ನಾದಲ್ಲಿ ಹ್ಯಾರಿಯೆಟ್ ಚಿಕ್ ಎಂಬ ವಿಜ್ಞಾನಿ ಹಸಿದ ಕೂಸುಗಳ ಮೇಲೆ ಎರಡನ್ನೂ ನೋಡಿದಳು. ಎಣ್ಣೆಯೂ ಆಗುತ್ತದೆ, ಬಿಸಿಲೂ ಆಗುತ್ತದೆ. 1922ರಲ್ಲಿ ಅಮೆರಿಕಾದ ಮೆಕಾಲಮ್ ಮೀನೆಣ್ಣೆಯನ್ನು ಕಾಯಿಸಿ ಆಮ್ಲಜನಕ ಹಾಯಿಸಿ ಅದರೊಳಗಿನ ಎ ಜೀವಸತ್ವವನ್ನು ಕೆಡಿಸಿದ. ಕಣ್ಣಿನ ರೋಗಕ್ಕೆ ಅದು ನಿರುಪಯೋಗಿಯಾಯಿತು, ರಿಕೆಟ್ಸಿಗೆ ಮಾತ್ರ ಮೊದಲಿನಂತೆಯೇ ಮದ್ದಾಗಿತ್ತು. ಎ, ಬಿ, ಸಿ ಹೆಸರುಗಳು ಆಗಲೇ ಮುಗಿದಿದ್ದುದರಿಂದ ಇದು ಡಿ ಆಯಿತು. ಇದರ ಜೊತೆಗಿನ ಸಂಶೋಧನೆಗೆ ಜರ್ಮನಿಯ ವಿಂಡೌಸ್‌ನಿಗೆ 1928ರಲ್ಲಿ ನೊಬೆಲ್ ಬಂತು.

ಇಷ್ಟು ಗೆಲುವಿನ ಕಥೆ. ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಒಂದು ರೋಗವನ್ನು ಇಷ್ಟು ಅಚ್ಚುಕಟ್ಟಾಗಿ ಗೆದ್ದ ವಸ್ತುವಿನ ಮೇಲೆ ಜನರಿಗೆ ಮಿತಿಮೀರಿದ ನಂಬಿಕೆ ಬರುವುದು ಸಹಜ. ಎಲುಬಿಗೆ ಇಷ್ಟು ಮಾಡಿದ್ದು ಉಳಿದದ್ದಕ್ಕೆ ಮಾಡದೆ ಇದ್ದೀತೆ?

ಉಳಿದದ್ದರಲ್ಲಿ ಮೊದಲನೆಯದು ಕ್ಷಯ. ಇದನ್ನು ನಾನು ಪುಸ್ತಕದಲ್ಲಿ ಓದುವ ಮುಂಚೆ ಮನೆಯಲ್ಲೇ ನೋಡಿದ್ದೆ. ನನ್ನ ಕಾಕಾ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. 1966ರಲ್ಲಿ, ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ, ಅವರಿಗೆ ಟಿ.ಬಿ. ಎಂದು ಗೊತ್ತಾಯಿತು. ಹಿತ್ತಲಲ್ಲಿ ಬೇವಿನ ಗಿಡದ ಆಚೆ ಬಿಸಿಲು ಬೀಳುವ ಕಡೆ ಅವರ ಹೊರಸು ಹಾಕಿದರು. ನಮ್ಮ ಅಜ್ಜಿ ಮನೆಯ ಮಡಿಯನ್ನು ಬದಿಗಿಟ್ಟು, ಹಿತ್ತಲಿನ ಮೂರುಕಲ್ಲಿನ ಒಲೆಯ ಮೇಲೆ ತತ್ತಿ ಬೇಯಿಸಲು ಒಪ್ಪಿದಳು. ಶಾರ್ಕೋಫೆರಾಲ್ ಎಂಬ ಮೀನೆಣ್ಣೆಯ ಟಾನಿಕ್ಕಿನ ಬಾಟಲಿ ಗೂಡಿನಲ್ಲಿರುತ್ತಿತ್ತು. ಕದ್ದು ಒಂದು ಚಮಚ ನೆಕ್ಕಿ ನೋಡಿದ ನೆನಪು ನಾಲಗೆಯ ಮೇಲೆ ಇನ್ನೂ ಇದೆ. ದಿನಾ ಕಂಪೌಂಡರು ಬಂದು ಸ್ಟ್ರೆಪ್ಟೊಮೈಸಿನ್ ಸೂಜಿ ಮಾಡುತ್ತಿದ್ದರು, ಜೊತೆಗೆ ಹಿಡಿಹಿಡಿ ಗುಳಿಗೆ. ಕಾಕಾ ಗುಣವಾದರು, ನಿವೃತ್ತಿಯವರೆಗೆ ಕೆಲಸ ಮಾಡಿದರು. ಸಾಯುವವರೆಗೂ ಅಜ್ಜಿ ಹೇಳುತ್ತಿದ್ದದ್ದು ಒಂದೇ ಮಾತು: "ಅವನ್ನ ಉಳಿಸಿದ್ದು ಬಿಸಿಲು ಮತ್ತು ತತ್ತಿ."

ಅಜ್ಜಿಯೊಬ್ಬಳೇ ಅಲ್ಲ, ದೊಡ್ಡ ದೊಡ್ಡ ವೈದ್ಯರೂ ಹಾಗೇ ನಂಬಿದ್ದರು. ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯಲ್ಲಿ ಇನ್ನೂರಕ್ಕೂ ಹೆಚ್ಚು ಕ್ಷಯರೋಗಿಗಳಿಗೆ ಕಾಡ್ ಎಣ್ಣೆ ಕೊಟ್ಟು ಹೆಚ್ಚಿನವರು ಚೇತರಿಸಿಕೊಂಡರೆಂದು 1849ರಲ್ಲಿ ವರದಿಯಾಗಿತ್ತು. ಡೆನ್ಮಾರ್ಕಿನ ಫಿನ್ಸೆನ್ ಚರ್ಮದ ಕ್ಷಯವನ್ನು ಬೆಳಕಿನಿಂದ ಗುಣಪಡಿಸಿ 1903ರಲ್ಲಿ ನೊಬೆಲ್ ಪಡೆದ. 1940ರ ದಶಕದಲ್ಲಿ ಫ್ರಾನ್ಸಿನ ಶಾರ್ಪಿ ಅದೇ ಚರ್ಮದ ಕ್ಷಯಕ್ಕೆ ಡಿ ಜೀವಸತ್ವವನ್ನೇ ಭಾರಿ ಪ್ರಮಾಣದಲ್ಲಿ ಕೊಟ್ಟು ಗುಣ ಕಂಡ. ಮೈಸೂರಿನ ಮಹಾರಾಜರು ಕ್ಷಯದಿಂದ ತೀರಿಕೊಂಡ ತಮ್ಮ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ ಆರೋಗ್ಯಧಾಮದಂಥವುಗಳೆಲ್ಲ ಗಾಳಿ, ಬೆಳಕು, ವಿಶ್ರಾಂತಿ, ಒಳ್ಳೆಯ ಊಟ ಎಂಬ ತತ್ತ್ವದ ಮೇಲೆ ನಿಂತಿದ್ದ ಕಾಲದವು.

ಹಾಗಾದರೆ ನಮ್ಮ ಕಾಕಾನನ್ನು ಉಳಿಸಿದ್ದು ಯಾವುದು? ಬಿಸಿಲೋ, ತತ್ತಿಯೋ, ಎಣ್ಣೆಯೋ, ಸೂಜಿಯೋ? ನಾಲ್ಕನ್ನೂ ಒಟ್ಟಿಗೆ ಕೊಟ್ಟಾಗ ಮನೆಯವರು ಹೇಗೆ ಹೇಳಬಲ್ಲರು? ಇದಕ್ಕೆ ಉತ್ತರ ಆ ವೇಳೆಗಾಗಲೇ ಮದ್ರಾಸಿನಲ್ಲಿ ದೊರೆತಿತ್ತು. 1956ರಲ್ಲಿ ಅಲ್ಲಿಯ ಕ್ಷಯ ಔಷಧ ಸಂಶೋಧನಾ ಕೇಂದ್ರದವರು 193 ಬಡರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರೋಗ್ಯಧಾಮದ ಗಾಳಿ, ವಿಶ್ರಾಂತಿ, ಹಾಲು, ತತ್ತಿ. ಇನ್ನೊಂದು ಗುಂಪು ತಮ್ಮ ಕೊಳೆಗೇರಿಯ ಕತ್ತಲೆ ಕೋಣೆಯಲ್ಲೇ, ಅರೆಹೊಟ್ಟೆಯಲ್ಲೇ ಇರಬೇಕು. ಔಷಧ ಮಾತ್ರ ಇಬ್ಬರಿಗೂ ಒಂದೇ. ವರ್ಷದ ಕೊನೆಗೆ ನೋಡಿದರೆ ಎರಡೂ ಗುಂಪು ಹೆಚ್ಚುಕಡಿಮೆ ಸಮನಾಗಿ ಗುಣವಾಗಿದ್ದವು. 1959ರಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಗಿ, ಮನೆಯಲ್ಲೇ ಚಿಕಿತ್ಸೆ ಎಂಬುದು ದೇಶದ ನೀತಿಯಾಯಿತು. ನಮ್ಮ ಅಜ್ಜಿಗೆ ಇದನ್ನು ಹೇಳುವ ಧೈರ್ಯ ನನಗಾಗುತ್ತಿರಲಿಲ್ಲ, ಆ ಮಾತು ಬೇರೆ.

ಹೋಲಿಸಿ ನೋಡುವ ಈ ವಿದ್ಯೆ ನಮ್ಮ ಹುಬ್ಬಳ್ಳಿಗೆ ಹೊಸದಲ್ಲ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. 1898ರಲ್ಲಿ ಈ ಊರಿಗೆ ಪ್ಲೇಗ್ ಬಡಿದಾಗ ಲ್ಯೂಮನ್ ಎಂಬ ವೈದ್ಯಾಧಿಕಾರಿ ಹಾಫ್‌ಕಿನ್ನರ ಲಸಿಕೆಯನ್ನು ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಹಾಕಿದರು. ವಾರವಾರವೂ ಲಸಿಕೆ ಹಾಕಿಸಿಕೊಂಡವರಲ್ಲಿ ಸತ್ತವರೆಷ್ಟು, ಹಾಕಿಸಿಕೊಳ್ಳದವರಲ್ಲಿ ಸತ್ತವರೆಷ್ಟು ಎಂಬ ಲೆಕ್ಕವಿಟ್ಟರು. ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾಗಿತ್ತು. ಆದರೆ ಅಲ್ಲೊಂದು ಸಂಶಯಕ್ಕೆ ಎಡೆಯಿತ್ತು. ಹಾಕಿಸಿಕೊಂಡವರು ತಾವಾಗಿ ಮುಂದೆ ಬಂದವರು. ಅವರು ಒಂದುವೇಳೆ ಅನುಕೂಲಸ್ಥರು, ಒಳ್ಳೆಯ ಮನೆಯಲ್ಲಿದ್ದವರು ಆಗಿದ್ದರೆ? ಅದೇ ವರ್ಷ ಬರೋಡದ ಹತ್ತಿರದ ಉಂಧೇರಾ ಎಂಬ ಹಳ್ಳಿಯಲ್ಲಿ ಹಾಫ್‌ಕಿನ್ ಆ ಸಂಶಯಕ್ಕೆ ಉತ್ತರ ಹುಡುಕಿದರು. ಪ್ರತಿಯೊಂದು ಮನೆಯಲ್ಲೂ ಅರ್ಧ ಜನಕ್ಕೆ ಲಸಿಕೆ, ಇನ್ನರ್ಧಕ್ಕೆ ಇಲ್ಲ. ಒಂದೇ ಸೂರು, ಒಂದೇ ಊಟ. ಆಗಲೂ ಲಸಿಕೆ ಗೆದ್ದಿತು. ಯಾವುದೇ ಮದ್ದಿನ ಪರೀಕ್ಷೆಗೆ ಈ ಉಂಧೇರಾದ ಒರೆಗಲ್ಲು ಬೇಕು.

ಡಿ ಜೀವಸತ್ವದ ವಿಷಯದಲ್ಲಿ ಈ ಒರೆಗಲ್ಲಿಗೆ ಹಚ್ಚುವ ಕೆಲಸ ಬಹಳ ತಡವಾಗಿ ನಡೆಯಿತು. ಅದಕ್ಕಿಂತ ಮೊದಲು ಆಸೆ ಹುಟ್ಟಿಸುವ ಸಂಗತಿಗಳು ಒಂದರ ಮೇಲೊಂದು ಬಂದವು. 1980ರಲ್ಲಿ ಗಾರ್ಲೆಂಡ್ ಸೋದರರು ಅಮೆರಿಕಾದ ನಕಾಶೆಯನ್ನು ಮುಂದಿಟ್ಟುಕೊಂಡು, ಬಿಸಿಲು ಕಡಿಮೆಯಿರುವ ಉತ್ತರದ ರಾಜ್ಯಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಸಾವು ಹೆಚ್ಚು, ಇದಕ್ಕೆ ಡಿ ಕಾರಣವಿರಬಹುದು ಎಂದರು. 1981ರಲ್ಲಿ ಜಪಾನಿನವರು, ಡಿಯ ಕ್ರಿಯಾಶೀಲ ರೂಪವನ್ನು ಗಾಜಿನ ತಟ್ಟೆಯಲ್ಲಿ ಇಲಿಯ ರಕ್ತಕ್ಯಾನ್ಸರಿನ ಕೋಶಗಳ ಮೇಲೆ ಹಾಕಿದರೆ ಅವು ಪುಂಡಾಟ ಬಿಟ್ಟು ಪಕ್ವಕೋಶಗಳಾಗುತ್ತವೆಂದು ತೋರಿಸಿದರು. 2006ರಲ್ಲಿ ಇನ್ನೊಂದು ಶೋಧ ಬಂತು: ನಮ್ಮ ರಕ್ಷಕ ಕೋಶಗಳು ಕ್ಷಯದ ಕ್ರಿಮಿಯನ್ನು ಕಂಡಾಗ ಡಿಯ ನೆರವಿನಿಂದ ಕ್ರಿಮಿನಾಶಕ ಪದಾರ್ಥವೊಂದನ್ನು ತಯಾರಿಸುತ್ತವೆ. ಅಜ್ಜಿಯ ಮಾತು ನಿಜವಾಗಿಬಿಟ್ಟಿತೋ ಎನ್ನುವಂತಿತ್ತು!

ಈ ನಡುವೆ ನಮ್ಮಲ್ಲೂ ರಕ್ತ ಪರೀಕ್ಷಿಸಿ ನೋಡಿದರು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಗೋಸ್ವಾಮಿಯವರ ತಂಡ 2000ದಲ್ಲಿ, ಆರೋಗ್ಯವಂತರೆನಿಸಿಕೊಂಡ ದೆಹಲಿ ವಾಸಿಗಳಲ್ಲೇ ಡಿ ಬಹಳ ಕಡಿಮೆಯಿದೆಯೆಂದು ವರದಿ ಮಾಡಿತು. ಬಯಲಲ್ಲಿ ದುಡಿಯುವ ಸೈನಿಕರದು ಮಾತ್ರ ವಾಸಿ. ದಕ್ಷಿಣದಲ್ಲಿ, ತಿರುಪತಿಯಲ್ಲಿ, ಹರಿನಾರಾಯಣ ಎಂಬ ವೈದ್ಯರು ಇದನ್ನೇ ನೋಡಿದರು. ಅಲ್ಲಿ ಡಿ ಹುಟ್ಟಿಸುವ ಕಿರಣಗಳು ಚೆನ್ನಾಗಿ ದೊರೆಯುವ ಹೊತ್ತು ಬೆಳಗಿನ 11ರಿಂದ ಮಧ್ಯಾಹ್ನ 2ರವರೆಗೆ ಎಂದು ಕಂಡುಬಂತು. ನಾವು ಕೂಸಿಗೆ ಎಣ್ಣೆ ಹಚ್ಚಿ ಹಿಡಿಯುವುದು ಎಳೆಬಿಸಿಲಿಗೆ. 11 ಗಂಟೆಯಾದರೆ "ಬಿಸಿಲು ಏರಿತು, ಒಳಗ ತೊಗೊಂಡು ಬಾ" ಎನ್ನುತ್ತೇವೆ. ಕೇಶ್ವಾಪುರದಲ್ಲಿ ಹಂಚಿನ ಮನೆಗಳೂ ಹಿತ್ತಲುಗಳೂ ಹೋಗಿ ಅಪಾರ್ಟ್‌ಮೆಂಟುಗಳು ಬಂದ ಮೇಲೆ ಆ ಎಳೆಬಿಸಿಲೂ ಹೆಚ್ಚಿನವರಿಗೆ ದಕ್ಕುತ್ತಿಲ್ಲ. ಕುಸುಗಲ್ ರಸ್ತೆಯಲ್ಲಿ ಸ್ಕೂಟಿಯ ಮೇಲೆ ಹೋಗುವ ಹೆಣ್ಣುಮಕ್ಕಳು ಮುಖಕ್ಕೆ ಓಢಣಿ, ಕೈಗೆ ಉದ್ದ ಕೈಚೀಲ ಹಾಕಿಕೊಂಡಿರುತ್ತಾರೆ. ನಾಶಿಕದ ಗೋಷಾ ಹೊಸ ರೂಪದಲ್ಲಿ ಬಂದಿದೆಯೆಂದರೆ ಮೊಮ್ಮಗಳು ನನ್ನ ಮೇಲೆ ಸಿಟ್ಟಾಗುತ್ತಾಳೆ.

ಆದ್ದರಿಂದ ಕೊರತೆ ನಿಜ. ಎಲುಬಿಗೆ ಅದರಿಂದಾಗುವ ಕೇಡೂ ನಿಜ. ನನ್ನ ಮೊದಲನೆಯ ತಪ್ಪು ಇಲ್ಲಿಗೆ ತಿದ್ದಿದಂತಾಯಿತು.

ಆದರೆ ರೋಗಿಗಳ ರಕ್ತದಲ್ಲಿ ಡಿ ಕಡಿಮೆಯಿದ್ದ ಮಾತ್ರಕ್ಕೆ, ಡಿ ಕೊಟ್ಟರೆ ರೋಗ ಹೋಗುತ್ತದೆ ಎಂದಾಗುವುದಿಲ್ಲ. ತರಗತಿಯ ಉದಾಹರಣೆಯನ್ನೇ ಕೊಡುತ್ತೇನೆ. ಹೊಸ ಕಂಪಾಸು ಪೆಟ್ಟಿಗೆಯಿದ್ದ ಮಕ್ಕಳು ಗಣಿತದಲ್ಲಿ ಹೆಚ್ಚು ಅಂಕ ತೆಗೆಯುವುದನ್ನು ನಾನು ನೋಡಿದ್ದೇನೆ. ಹಾಗೆಂದು ಎಲ್ಲರಿಗೂ ಪೆಟ್ಟಿಗೆ ಹಂಚಿದರೆ ಎಲ್ಲರೂ ಪ್ರಥಮ ದರ್ಜೆಯಲ್ಲಿ ಪಾಸಾಗುತ್ತಾರೆಯೆ? ಪೆಟ್ಟಿಗೆ ಕೊಡಿಸಿದ ತಂದೆಯೇ ಸಂಜೆ ಕೂಡಿಸಿಕೊಂಡು ಲೆಕ್ಕ ಮಾಡಿಸುತ್ತಿದ್ದ. ಹಾಗೆಯೇ ಹಾಸಿಗೆ ಹಿಡಿದವನು ಬಿಸಿಲಿಗೆ ಹೋಗುವುದಿಲ್ಲ, ಆದ್ದರಿಂದ ಅವನ ಡಿ ಇಳಿಯುತ್ತದೆ. ದಪ್ಪ ಮೈಯವರಲ್ಲಿ ಡಿ ಕಡಿಮೆ, ಅವರಿಗೆ ಕೆಲವು ಕ್ಯಾನ್ಸರುಗಳೂ ಹೆಚ್ಚು. ಯಾವುದು ಕಾರಣ, ಯಾವುದು ಪರಿಣಾಮ ಎಂಬುದನ್ನು ಹೇಳಬಲ್ಲದ್ದು ಉಂಧೇರಾದ ರೀತಿಯೊಂದೇ.

ಆ ರೀತಿಯ ದೊಡ್ಡ ಪರೀಕ್ಷೆ ಅಮೆರಿಕಾದಲ್ಲಿ ನಡೆಯಿತು. ವೈಟಲ್ ಎಂದು ಅದರ ಹೆಸರು. ಜೋಆನ್ ಮ್ಯಾನ್ಸನ್ ಎಂಬ ವೈದ್ಯೆ ಅದರ ಮುಖ್ಯಸ್ಥೆ. 25,871 ಮಂದಿ ಮಧ್ಯವಯಸ್ಸು ದಾಟಿದವರಲ್ಲಿ ಅರ್ಧ ಜನಕ್ಕೆ ದಿನಕ್ಕೆ 2,000 ಯೂನಿಟ್ ಡಿ, ಉಳಿದರ್ಧಕ್ಕೆ ನೋಡಲು ಅದೇ ರೀತಿಯ ಸಪ್ಪೆ ಗುಳಿಗೆ. ಯಾರಿಗೆ ಯಾವುದೆಂದು ಕೊಟ್ಟವರಿಗೂ ಗೊತ್ತಿಲ್ಲ, ನುಂಗಿದವರಿಗೂ ಗೊತ್ತಿಲ್ಲ. ಐದು ವರ್ಷಗಳ ನಂತರ 2018ರಲ್ಲಿ ಲೆಕ್ಕ ತೆರೆದರು. ಡಿ ಗುಂಪಿನಲ್ಲಿ ಕ್ಯಾನ್ಸರ್ ಬಂದವರು 793, ಸಪ್ಪೆ ಗುಳಿಗೆಯವರಲ್ಲಿ 824. ವ್ಯತ್ಯಾಸ ಆಕಸ್ಮಿಕವೆನ್ನುವಷ್ಟೇ. ಕ್ಯಾನ್ಸರಿನಿಂದ ಸತ್ತವರು 154 ಮತ್ತು 187. ಇದು ಸ್ವಲ್ಪ ಆಸೆ ಹುಟ್ಟಿಸುವ ಅಂಕಿ, ಆದರೆ ಖಚಿತವೆನ್ನುವ ಗೆರೆಯನ್ನು ಅದೂ ದಾಟಲಿಲ್ಲ. ಆಸ್ಟ್ರೇಲಿಯಾದಲ್ಲಿ 21,315 ಮಂದಿ ಹಿರಿಯರಿಗೆ ಐದು ವರ್ಷ, ತಿಂಗಳಿಗೊಮ್ಮೆ ನಮ್ಮ ಅದೇ 60 ಸಾವಿರ ಯೂನಿಟ್ಟಿನ ಪ್ರಮಾಣ ಕೊಟ್ಟು ನೋಡಿದರು. ಡಿ ಗುಂಪಿನಲ್ಲಿ ಸತ್ತವರು 562, ಸಪ್ಪೆಯವರಲ್ಲಿ 538. 2022ರಲ್ಲಿ ಇದು ಪ್ರಕಟವಾದಾಗ ನನ್ನಂಥ ಎಷ್ಟು ಜನರ ಗೂಡಿನಲ್ಲಿ ಆ ಪೊಟ್ಟಣಗಳಿದ್ದವೋ!

ಇವು ಕ್ಯಾನ್ಸರ್ ಬಾರದಿರಲೆಂದು ಮಾಡಿದವು. ನನ್ನ ಸೋದರಸೊಸೆಯ ಪ್ರಶ್ನೆ ಬಂದ ಮೇಲಿನದು. ಜಪಾನಿನಲ್ಲಿ ಅನ್ನನಾಳ, ಜಠರ, ಕರುಳುಗಳ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ 417 ಮಂದಿಗೆ ಡಿ ಅಥವಾ ಸಪ್ಪೆ ಗುಳಿಗೆ ಕೊಟ್ಟು 2019ರಲ್ಲಿ ವರದಿ ಮಾಡಿದರು. ರೋಗ ಮರುಕಳಿಸುವುದರಲ್ಲಿ ಎರಡು ಗುಂಪುಗಳ ನಡುವೆ ನಂಬುವಂಥ ವ್ಯತ್ಯಾಸ ಕಾಣಲಿಲ್ಲ. ಗಮನಿಸಬೇಕಾದದ್ದೆಂದರೆ, ಅವರೆಲ್ಲರಿಗೂ ಶಸ್ತ್ರಚಿಕಿತ್ಸೆ ಆಗಿತ್ತು. ಡಿ ಅದರ ಮೇಲಿನ ಸೇರ್ಪಡೆ. ಚಿಕಿತ್ಸೆ ಬಿಟ್ಟು ಡಿಯೊಂದರಿಂದಲೇ ಗಂಟು ಕರಗಿಸಿದ ಪರೀಕ್ಷೆ ನಾನು ಓದಿದ್ದರಲ್ಲಿ ಒಂದೂ ಇರಲಿಲ್ಲ. ಗಾಜಿನ ತಟ್ಟೆಯಲ್ಲಿ ನಡೆದದ್ದು ಮೈಯಲ್ಲಿ ಏಕೆ ನಡೆಯುವುದಿಲ್ಲ? ಅಲ್ಲಿ ಹಾಕಿದ್ದು ಕ್ರಿಯಾಶೀಲ ರೂಪ. ನಾವು ನುಂಗಿದ ಡಿ ಮೊದಲು ಯಕೃತ್ತಿನಲ್ಲಿ, ಆಮೇಲೆ ಮೂತ್ರಪಿಂಡದಲ್ಲಿ ಬದಲಾಗಿ ಆ ರೂಪಕ್ಕೆ ಬರುತ್ತದೆ, ದೇಹ ಅದನ್ನು ಬಿಗಿ ಹಿಡಿತದಲ್ಲಿಡುತ್ತದೆ. ತಟ್ಟೆಯಲ್ಲಿನಷ್ಟು ಪ್ರಮಾಣವನ್ನು ರಕ್ತದಲ್ಲಿ ತಂದರೆ ಗಂಟಿಗಿಂತ ಮೊದಲು ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಏರಿ ರೋಗಿಗೇ ಅಪಾಯ.

ವೈರಸ್ಸಿನ ಕಥೆಯೂ ಇದೇ ಹಾದಿಯದು. 2010ರಲ್ಲಿ ಜಪಾನಿನ ಶಾಲಾಮಕ್ಕಳ ಪರೀಕ್ಷೆ ಪ್ರಕಟವಾಯಿತು: ಡಿ ತೆಗೆದುಕೊಂಡ 167 ಮಕ್ಕಳಲ್ಲಿ ಎ ಮಾದರಿಯ ಫ್ಲೂ ಬಂದವರು 18, ಸಪ್ಪೆ ಗುಳಿಗೆಯ 167ರಲ್ಲಿ 31. ಲಂಡನ್ನಿನ ಮಾರ್ಟಿನೋ ತಂಡದವರು ಇಂಥ 25 ಪರೀಕ್ಷೆಗಳನ್ನು ಒಟ್ಟುಗೂಡಿಸಿ 2017ರಲ್ಲಿ, ನೆಗಡಿ ಕೆಮ್ಮಿನ ಸೋಂಕುಗಳಿಗೆ ಡಿ ತಕ್ಕಮಟ್ಟಿಗೆ ತಡೆಯೊಡ್ಡುತ್ತದೆ ಎಂದರು. ಅದೂ ದಿನಾ ಅಥವಾ ವಾರವಾರ ಸಣ್ಣ ಪ್ರಮಾಣ ತೆಗೆದುಕೊಂಡವರಿಗೆ, ಒಮ್ಮೆಗೇ ಭಾರಿ ಪ್ರಮಾಣ ನುಂಗಿದವರಿಗೆ ಅಲ್ಲ. ಹೊಸ ಪರೀಕ್ಷೆಗಳನ್ನು ಸೇರಿಸುತ್ತ ಹೋದಂತೆ ಆ ಲಾಭ ಕುಗ್ಗುತ್ತ ಬಂದು, 2025ರ ಲೆಕ್ಕದಲ್ಲಿ ಖಚಿತವೆನ್ನುವಷ್ಟು ಉಳಿಯಲಿಲ್ಲ. ತಮ್ಮದೇ ಹಿಂದಿನ ತೀರ್ಮಾನವನ್ನು ತಾವೇ ತಿದ್ದಿಕೊಂಡ ಆ ಜನರ ಬಗ್ಗೆ ನನಗೆ ಗೌರವವಿದೆ.

ಇನ್ನು ನಾನು ದಾಟಿಸಿದ ಸ್ಪೇನಿನ ಸುದ್ದಿ. ಅದು ಸುಳ್ಳಾಗಿರಲಿಲ್ಲ. ಕಾರ್ಡೋಬಾ ಊರಿನ ಆಸ್ಪತ್ರೆಯಲ್ಲಿ 2020ರಲ್ಲಿ ಔಷಧ ಪಡೆದ 50 ಕೊರೋನಾ ರೋಗಿಗಳಲ್ಲಿ ಒಬ್ಬ, ಪಡೆಯದ 26ರಲ್ಲಿ 13 ಮಂದಿ ತೀವ್ರ ನಿಗಾ ಘಟಕ ಸೇರಿದ್ದರು. ಆದರೆ ಅದು ಕೇವಲ 76 ಜನರ ಆರಂಭಿಕ ಪರೀಕ್ಷೆ, ಸಪ್ಪೆ ಗುಳಿಗೆಯಿರಲಿಲ್ಲ, ಮುಖ್ಯವಾಗಿ, ಕೊಟ್ಟದ್ದು ಕ್ಯಾಲ್ಸಿಫೆಡಿಯಾಲ್ ಎಂಬ, ಯಕೃತ್ತನ್ನು ದಾಟಿದ ರೂಪ. ನಾನು ಶಿಫಾರಸು ಮಾಡಿದ ಪೊಟ್ಟಣದಲ್ಲಿದ್ದದ್ದು ಆ ವಸ್ತುವೇ ಅಲ್ಲ! ಚಂಡೀಗಢದಲ್ಲಿ ಲಕ್ಷಣಗಳಿಲ್ಲದ ಅಥವಾ ಸೌಮ್ಯವಾಗಿದ್ದ 40 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಡಿ ಪಡೆದ 16ರಲ್ಲಿ 10 ಜನರ, ಪಡೆಯದ 24ರಲ್ಲಿ 5 ಜನರ ಸೋಂಕು ಮೂರು ವಾರದೊಳಗೆ ಹೋಗಿತ್ತು. ಇದೂ ಸಣ್ಣದೇ. ದೊಡ್ಡವು ಬಂದಾಗ ಚಿತ್ರ ಬದಲಾಯಿತು. ಬ್ರೆಜಿಲ್ಲಿನಲ್ಲಿ ಆಸ್ಪತ್ರೆ ಸೇರಿದವರಿಗೆ ಒಮ್ಮೆಗೇ 2 ಲಕ್ಷ ಯೂನಿಟ್ ಕೊಟ್ಟರೂ ಅವರು ಬೇಗ ಮನೆಗೆ ಹೋಗಲಿಲ್ಲ. ಬ್ರಿಟನ್ನಿನಲ್ಲಿ 6,200 ಮಂದಿಯ ಪರೀಕ್ಷೆಯಲ್ಲಿ ಕೊರೋನಾ ಬರುವುದೂ ತಪ್ಪಲಿಲ್ಲ. ಕ್ಷಯಕ್ಕೂ ಔಷಧದ ಜೊತೆ ಡಿ ಸೇರಿಸಿ ತಮಿಳುನಾಡಿನಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕಫ ಬೇಗ ಶುದ್ಧವಾಗಲಿಲ್ಲ. ಅಜ್ಜಿ ಮತ್ತೊಮ್ಮೆ ಸೋತಳು.

ಈಗ ಆ ತಾಯಿಯ ವಿಷಯ. ಲೆಕ್ಕ ಸರಳವಾಗಿದೆ. ನಮ್ಮ ರಾಷ್ಟ್ರೀಯ ಪೋಷಣ ಸಂಸ್ಥೆ ವಯಸ್ಕರಿಗೆ ಹೇಳಿದ್ದು ದಿನಕ್ಕೆ 600 ಯೂನಿಟ್. ಒಂದು ಪೊಟ್ಟಣವೆಂದರೆ ನೂರು ದಿನಗಳ ಪಾಲು. ಕೊರತೆಯಿದ್ದವರಿಗೆ ವೈದ್ಯರು ವಾರಕ್ಕೊಂದರಂತೆ ಕೆಲವು ವಾರ ಕೊಡುತ್ತಾರೆ, ಅದು ಸರಿ. ಅವರು ನಾಲ್ಕು ತಿಂಗಳಲ್ಲಿ ಕುಡಿದದ್ದು ಮೂವತ್ತು ವರ್ಷಕ್ಕೂ ಮಿಕ್ಕಿದ ಪಾಲು. ಸಿ ಜೀವಸತ್ವ ಹೆಚ್ಚಾದರೆ ಮೂತ್ರದಲ್ಲಿ ಹೋಗಿಬಿಡುತ್ತದೆ. ಡಿ ಹಾಗಲ್ಲ, ಕೊಬ್ಬಿನಲ್ಲಿ ಕುಳಿತುಕೊಳ್ಳುತ್ತದೆ. ಮೊದಲು ಬಾಯಾರಿಕೆ, ಮಲಬದ್ಧತೆ, ಆಮೇಲೆ ವಾಂತಿ, ಮಂಪರು. ಮನೆಯವರು ಪಿತ್ತವೆಂದುಕೊಂಡರು. ಆಸ್ಪತ್ರೆಯಲ್ಲಿ ರಕ್ತದ ಕ್ಯಾಲ್ಸಿಯಂ ನೋಡಿದ ತರುಣ ವೈದ್ಯರೊಬ್ಬರು ಕೇಳಿದ ಮೊದಲ ಪ್ರಶ್ನೆ, "ಡಿ ಪೌಡರ್ ತೊಗೊಳ್ತಿದ್ರೇನು?" ಹನ್ನೊಂದು ದಿನ ಸಲೈನು ಹಚ್ಚಿದರು. ಉಳಿದರು, ಮೂತ್ರಪಿಂಡ ಮಾತ್ರ ಪೂರ್ತಿ ಮೊದಲಿನಂತಾಗಲಿಲ್ಲ. ಇದೂ ಚರಿತ್ರೆಯಲ್ಲಿ ಹೊಸದಲ್ಲ. ಶಾರ್ಪಿಯ ಕಾಲದ ರೋಗಿಗಳಲ್ಲೂ ಹೀಗಾಗಿತ್ತು. 1950ರ ದಶಕದಲ್ಲಿ ಬ್ರಿಟನ್ನಿನ ಕೂಸುಗಳಲ್ಲಿ ಕ್ಯಾಲ್ಸಿಯಂ ಏರಿದ್ದು ಕಂಡು ಹಾಲಿನಪುಡಿಗೆ ಬೆರೆಸುವ ಡಿಯನ್ನು ಅಲ್ಲಿ ಕಡಿಮೆ ಮಾಡಿದ್ದರು. ಓದಿದ್ದರೆ ನನಗೆ ತಿಳಿಯುತ್ತಿತ್ತು.

ಸೋದರಸೊಸೆಗೆ ನಾನು ಎರಡನೆಯ ದಿನವೇ ಫೋನು ಮಾಡಿದೆ. ಅಷ್ಟರಲ್ಲಿ ಓದಿದ್ದು ಅಷ್ಟು ಹೇಳಲು ಸಾಕಾಗಿತ್ತು: "ಕೀಮೋ ಒಂದು ದಿನಾನೂ ಮುಂದ ಹಾಕಬ್ಯಾಡ. ಡಿ ಬೇಕೋ ಬ್ಯಾಡೋ ನಿಮ್ಮ ಡಾಕ್ಟರನ್ನ ಕೇಳು." ಅವಳ ಚಿಕಿತ್ಸೆ ಮುಗಿದಿದೆ. ಈಗ ನುಂಗುವ ಗುಳಿಗೆಯಿಂದ ಎಲುಬು ಸವೆಯಬಹುದೆಂದು ಅವಳ ವೈದ್ಯರೇ ಕ್ಯಾಲ್ಸಿಯಂ ಜೊತೆ ಸ್ವಲ್ಪ ಡಿ ಬರೆದುಕೊಟ್ಟಿದ್ದಾರೆ. ತಲೆಗೂದಲು ಮತ್ತೆ ಬಂದಿದೆ, ಮೊದಲಿಗಿಂತ ಗುಂಗುರಾಗಿ.

ಕಳೆದ ತಿಂಗಳು ಆ ತಾಯಿಯ ಮನೆಗೂ ಹೋಗಿದ್ದೆ. ತಪ್ಪೊಪ್ಪಿಕೊಳ್ಳಲು ಹೋದವನಿಗೆ ಅವರು ಮಾತನಾಡಲು ಬಿಡದೆ ಚಹಾ ಅವಲಕ್ಕಿ ತಂದಿಟ್ಟರು. ಕಟ್ಟೆಯ ಮೇಲೆ ನೆರಳಿನಲ್ಲಿ ಕುಳಿತಿದ್ದೆವು. ಹೊರಡುವಾಗ ಕೇಳಿದರು, "ಸರ, ಈಗ ನಾ ಬಿಸಿಲಾಗ ಕುಂದರಬಹುದೇನ್ರಿ?"

ಬಿಸಿಲಿನಿಂದ ಡಿ ಮಿತಿಮೀರುವುದಿಲ್ಲ, ಹೆಚ್ಚಾದದ್ದನ್ನು ಚರ್ಮವೇ ಬೇರೆ ಪದಾರ್ಥವಾಗಿ ಮಾರ್ಪಡಿಸಿಬಿಡುತ್ತದೆ ಎಂಬ ಪಾಠ ನಾಲಗೆಯ ತುದಿಗೆ ಬಂದಿತ್ತು. ಅವರ ಮೂತ್ರಪಿಂಡದ ನೆನಪಾಯಿತು.

"ನಿಮ್ಮ ಡಾಕ್ಟರನ್ನ ಒಂದು ಮಾತು ಕೇಳ್ರಿ" ಎಂದು ಹೇಳಿ ಮೆಟ್ಟಿಲಿಳಿದೆ.